ಅಡಿಗೆಮನೆಯ ಸಿಂಕು: ಭಾರಕ್ಕೆ ಆಧಾರ, ನೀರಿಗೆ ತಡೆ

ಮನೆ ಕಟ್ಟಿಸುವಾಗ ನಾವು ಯಾವುದಕ್ಕೆ ಎಷ್ಟು ಗಮನ ಕೊಡುತ್ತೇವೆ ಎಂಬುದನ್ನು ಒಮ್ಮೆ ನೆನೆದುಕೊಂಡರೆ ಆಶ್ಚರ್ಯವಾಗುತ್ತದೆ. ತಲಬಾಗಿಲಿನ ಕೆತ್ತನೆಗಾಗಿ ಬಡಗಿಯೊಡನೆ ನಾಲ್ಕು ದಿನ ಚರ್ಚಿಸುತ್ತೇವೆ. ಪಡಸಾಲೆಯ ನೆಲದ ಬಣ್ಣಕ್ಕಾಗಿ ಹತ್ತು ಅಂಗಡಿಗಳನ್ನು ಹತ್ತಿ ಇಳಿಯುತ್ತೇವೆ. ಆದರೆ ಮನೆಯ ಹೆಣ್ಣುಮಕ್ಕಳು ದಿನಕ್ಕೆ ಮೂರು ನಾಲ್ಕು ಬಾರಿ ನಿಂತು ದುಡಿಯುವ ಸಿಂಕನ್ನು ಕಟ್ಟೆಗೆ ಹೇಗೆ ಕೂರಿಸಿದರು, ಅದರ ಭಾರವನ್ನು ಹೊತ್ತಿರುವುದು ಯಾವುದು ಎಂದು ಕೇಳುವ ಯಜಮಾನರು ವಿರಳ. ನಾನೂ ಕೇಳಿದವನಲ್ಲ. ಕೇಳುವಂತೆ ಮಾಡಿದ್ದು ನನ್ನ ತಂಗಿಯ ಮನೆಯಲ್ಲಿ ನಡೆದ ಒಂದು ಪ್ರಸಂಗ.

ಧಾರವಾಡದಲ್ಲಿರುವ ಆಕೆಯ ಮನೆ ಹೊಸದು. ಕಪ್ಪು ಗ್ರಾನೈಟಿನ ಅಡಿಗೆಕಟ್ಟೆ, ಅದರ ಅಡಿಯಲ್ಲಿ ಹೊಳೆಯುವ ಸ್ಟೇನ್‌ಲೆಸ್ ಸ್ಟೀಲ್ ಸಿಂಕು. ಗೃಹಪ್ರವೇಶವಾಗಿ ಒಂದೂವರೆ ವರ್ಷವೂ ತುಂಬಿರಲಿಲ್ಲ. ಒಂದು ಸಂಜೆ ಸೊಸೆ ಅನ್ನ ಬಸಿಯುತ್ತಿದ್ದಾಗ ಸಿಂಕಿನ ಮುಂಭಾಗ ಕಲ್ಲಿನಿಂದ ಕಳಚಿ, ಒಳಗಿದ್ದ ಮುಸುರೆ ಪಾತ್ರೆಗಳ ಸಹಿತ ಕೆಳಗಿನ ಕಪಾಟಿನೊಳಗೆ ಕುಸಿಯಿತು. ಬೆಚ್ಚಿದ ಆಕೆಯ ಕೈಯಿಂದ ಪಾತ್ರೆ ಜಾರಿ, ಕುದಿವ ಗಂಜಿ ಪಾದಗಳ ಮೇಲೆ ಚೆಲ್ಲಿತು. ಹದಿನೈದು ದಿನ ಆ ಮಗು ನೆಲಕ್ಕೆ ಕಾಲೂರಲಾಗಲಿಲ್ಲ.

ನೋವಿಗಿಂತ ಹೆಚ್ಚಿನದೊಂದು ಅವಳಿಗೆ ಕಾದಿತ್ತು. ನಾನು ನೋಡಲು ಹೋದಾಗ ತಂಗಿ ಹೇಳಿದಳು: "ಅಣ್ಣಾ, ಆಕಿ ಕೈ ಭಾಳ ಬಿರುಸು ನೋಡ್ರಿ. ಕುಕ್ಕರ್ ಎತ್ತಿ ಒಗದ್ರ ಸಿಂಕ್ ನಿಂತೀತೇನು?" ಸೊಸೆ ತಲೆ ತಗ್ಗಿಸಿ ಕುಳಿತಿದ್ದಳು. ಎರಡೂ ಕಡೆಗೆ ಹಿತವಾಗಲೆಂದು ನಾನೂ ಒಂದು ಮಾತು ಸೇರಿಸಿದೆ: "ಇನ್ನು ಮ್ಯಾಲೆ ಸ್ವಲ್ಪ ಸಾವಕಾಶ ಕೆಲಸಾ ಮಾಡವ್ವಾ." ಹಿರಿಯರ ಮಾತೆಂದು ಆಕೆ ಹೂಂಗುಟ್ಟಿದಳು. ಆ ಮಾತು ಎಷ್ಟು ಅನ್ಯಾಯದ್ದಾಗಿತ್ತು ಎಂಬುದು ನನಗೆ ತಿಳಿದದ್ದು ಮೂರು ವಾರಗಳ ಬಳಿಕ. ಅದನ್ನು ಮುಂದೆ ಹೇಳುತ್ತೇನೆ. ಮೊದಲು ಸಿಂಕೆಂಬ ವಸ್ತುವನ್ನು ತಿಳಿಯೋಣ.

ನೆಲದಿಂದ ಕಟ್ಟೆಗೆ

ನಮ್ಮ ಹಿರಿಯರ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದುದು ಬಚ್ಚಲಿನಲ್ಲಿ ಇಲ್ಲವೆ ಹಿತ್ತಿಲ ಕಲ್ಲಿನ ಮೇಲೆ. ಆ ಕಲ್ಲಿನ ಭಾರವನ್ನು ಭೂಮಿಯೇ ಹೊತ್ತಿತ್ತು; ಬೀಳುವ ಪ್ರಶ್ನೆಯೇ ಇರಲಿಲ್ಲ. ನಿಂತು ಅಡಿಗೆ ಮಾಡುವ ಪದ್ಧತಿ ಬಂದ ಮೇಲೆ ಶಹಾಬಾದ್ ಅಥವಾ ಕಡಪ ಕಲ್ಲಿನ ಕಟ್ಟೆಗಳು ಬಂದವು, ಅವುಗಳ ಮೇಲೆ ಗ್ರಾನೈಟ್ ಬಂದಿತು, ಕಟ್ಟೆಯಲ್ಲಿ ಕೊರೆದ ರಂಧ್ರದಲ್ಲಿ ಸಿಂಕು ಬಂದಿತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಸಿಂಕಿನ ಅಡಿಯಲ್ಲಿ ಭೂಮಿಯಿಲ್ಲ. ಅದು ತನ್ನ ಅಂಚಿನಿಂದ ತೂಗುತ್ತಿರುವ ತೊಟ್ಟಿ. ಅಂಚಿನ ಹಿಡಿತವೇ ಅದರ ಬದುಕು.

ಆ ತೊಟ್ಟಿ ತುಕ್ಕು ಹಿಡಿಯದ ಉಕ್ಕಿನ ತೆಳು ತಗಡಿನಿಂದಾದದ್ದು. 1913ರಲ್ಲಿ ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ ಎಂಬ ಲೋಹಶಾಸ್ತ್ರಜ್ಞ ಕ್ರೋಮಿಯಂ ಬೆರೆತ ಉಕ್ಕು ತುಕ್ಕಿಗೆ ಬಗ್ಗದೆಂಬುದನ್ನು ಕಂಡುಕೊಂಡನು. ಇಂದು ಒಳ್ಳೆಯ ಸಿಂಕುಗಳಿಗೆ ಬಳಸುವ 304 ಎಂಬ ದರ್ಜೆಯಲ್ಲಿ ಶೇಕಡ 18ರಷ್ಟು ಕ್ರೋಮಿಯಂ, ಶೇಕಡ 8ರಷ್ಟು ನಿಕ್ಕಲ್ ಇರುತ್ತದೆ. ಅಗ್ಗದ ಸಿಂಕುಗಳಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚಿಸಿರುತ್ತಾರೆ. ಅಂಗಡಿಯವನು ಅಯಸ್ಕಾಂತ ಹಿಡಿದು ತೋರಿಸಿದರೆ ನಂಬಬೇಕಾದ್ದಿಲ್ಲ. ಈ ಎರಡೂ ಬಗೆಯ ಉಕ್ಕು ಸಾಮಾನ್ಯವಾಗಿ ಅಯಸ್ಕಾಂತಕ್ಕೆ ಅಂಟುವುದಿಲ್ಲ. ಒತ್ತಿದ ಮುದ್ರೆಯನ್ನೂ ತಗಡಿನ ದಪ್ಪವನ್ನೂ ನೋಡಬೇಕು. ತಗಡು ಸುಮಾರು 1 ಮಿಲಿಮೀಟರಾದರೂ ಇರುವುದು ಲೇಸು. ತೆಳು ತಗಡು ಭಾರ ಬಿದ್ದಾಗಲೆಲ್ಲ ಬಾಗುತ್ತದೆ. ಬಾಗಿದಾಗಲೆಲ್ಲ ಅಂಚಿನ ಸಂದು ಬಾಯಿ ಬಿಡುತ್ತದೆ.

ಭಾರ ಎಷ್ಟು?

ಮನೆಯಲ್ಲಿ ಸಾಮಾನ್ಯವಾಗಿರುವ ಸಿಂಕಿನ ತೊಟ್ಟಿಯನ್ನು ತೆಗೆದುಕೊಳ್ಳೋಣ: 20 ಇಂಚು ಉದ್ದ, 16 ಇಂಚು ಅಗಲ, 8 ಇಂಚು ಆಳ. ಕೊಳವೆ ಕಟ್ಟಿಕೊಂಡು ತೊಟ್ಟಿ ತುಂಬಿದರೆ ಅದರಲ್ಲಿ ನಿಲ್ಲುವ ನೀರು ಸುಮಾರು 42 ಲೀಟರ್. ಒಂದು ಲೀಟರಿಗೆ ಒಂದು ಕಿಲೋ. ಅಂದರೆ ನೀರಿನ ತೂಕವೇ 42 ಕಿಲೋ. ಸಿಂಕಿನ ಸ್ವಂತ ತೂಕ ನಾಲ್ಕೈದು ಕಿಲೋ, ಅದರ ಮೇಲೆ ಕುಕ್ಕರು, ಬೋಗುಣಿ, ತಟ್ಟೆಗಳು. ಒಟ್ಟು 50 ಕಿಲೋ ದಾಟುತ್ತದೆ. ಒಂದು ಸಿಮೆಂಟ್ ಚೀಲದ ತೂಕ! ಆ ಚೀಲವನ್ನು ಒಂದು ಸಾಲು ಅಂಟಿನಿಂದ ಮಾತ್ರ ಕಲ್ಲಿಗೆ ತೂಗುಹಾಕುತ್ತೇನೆಂದು ಯಾರಾದರೂ ಹೇಳಿದರೆ ನಾವು ಒಪ್ಪುತ್ತೇವೆಯೇ? ಸಿಂಕಿನ ವಿಷಯದಲ್ಲಿ ಮಾತ್ರ ತಿಳಿಯದೆ ಒಪ್ಪಿಬಿಡುತ್ತೇವೆ.

ಇಲ್ಲಿ ಎರಡು ಕೆಲಸಗಳಿವೆ, ಅವನ್ನು ಬೆರೆಸಬಾರದು. ಭಾರ ಹೊರುವುದು ಒಂದು ಕೆಲಸ. ನೀರು ಸೋರದಂತೆ ತಡೆಯುವುದು ಇನ್ನೊಂದು. ಭಾರಕ್ಕೆ ಲೋಹದ ಹಿಡಿಕೆ ಅಥವಾ ಗಟ್ಟಿ ಆಧಾರ ಬೇಕು. ನೀರಿಗೆ ಹಿಗ್ಗಿ ಕುಗ್ಗಬಲ್ಲ ಅಂಟು ಬೇಕು. ಒಂದರ ಕೆಲಸವನ್ನು ಇನ್ನೊಂದಕ್ಕೆ ವಹಿಸಿದಲ್ಲಿಯೇ ಸಿಂಕಿನ ಸಕಲ ತೊಂದರೆಗಳೂ ಹುಟ್ಟುತ್ತವೆ.

ಸಿಮೆಂಟು ಏಕೆ ಸಲ್ಲದು?

ನಮ್ಮ ಕಡೆಯ ಅನೇಕ ಗೌಂಡಿಗಳು ಸಿಂಕಿನ ಅಂಚನ್ನು ಗ್ರಾನೈಟಿಗೂ ಕೆಳಗಿನ ಕಡಪ ಕಲ್ಲಿಗೂ ನಡುವೆ ಇಟ್ಟು ಸಿಮೆಂಟಿನಿಂದ ಮುಚ್ಚಿಬಿಡುತ್ತಾರೆ. ಮೇಲಿನ ಸಂದಿಗೆ ಬಿಳಿ ಸಿಮೆಂಟು ತುಂಬುತ್ತಾರೆ. ಕೆಳಗೆ ಕಲ್ಲಿರುವುದರಿಂದ ಸಿಂಕು ಬೀಳುವುದಿಲ್ಲ, ನಿಜ. ಆದರೆ ಕೆಲವು ತಿಂಗಳಲ್ಲಿ ಬಿಳಿ ಸಿಮೆಂಟಿನಲ್ಲಿ ಕೂದಲೆಳೆಯಂಥ ಬಿರುಕು ಕಾಣಿಸುತ್ತದೆ. ಏಕೆ? ಕಾದಾಗ ಉಕ್ಕು ಕಲ್ಲಿಗಿಂತ ಹೆಚ್ಚು ಹಿಗ್ಗುತ್ತದೆ. ಎರಡಡಿ ಉದ್ದದ ಸಿಂಕಿಗೆ ಬಿಸಿ ಗಂಜಿ ಸುರಿದು ಅದರ ಶಾಖ 50 ಡಿಗ್ರಿಯಷ್ಟು ಏರಿದರೆ ಉಕ್ಕು ಸುಮಾರು ಅರ್ಧ ಮಿಲಿಮೀಟರ್ ಹಿಗ್ಗುತ್ತದೆ. ಗ್ರಾನೈಟು ಅಷ್ಟೇ ಕಾದರೂ ಅದರ ಅರ್ಧದಷ್ಟು ಮಾತ್ರ ಹಿಗ್ಗೀತು. ಅಷ್ಟು ಬೇಗ ಕಾಯುವುದೂ ಇಲ್ಲ. ಈ ವ್ಯತ್ಯಾಸ ದಿನವೂ ನಡೆಯುವಂಥದು. ಬಾಗಲರಿಯದ ಸಿಮೆಂಟು ಒಡೆಯುತ್ತದೆ. ಬಿರುಕಿನಲ್ಲಿ ಮುಸುರೆ ನೀರು ಇಳಿಯುತ್ತದೆ. ಕಪಾಟಿನ ಹಲಗೆ ಉಬ್ಬುತ್ತದೆ, ಜಿರಲೆ ಸೇರುತ್ತದೆ, ದುರ್ವಾಸನೆ ಹುಟ್ಟುತ್ತದೆ. ಮುಂದೊಂದು ದಿನ ಸಿಂಕು ಬದಲಿಸಬೇಕಾದರೆ ಕಲ್ಲನ್ನೇ ಒಡೆಯಬೇಕಾಗುತ್ತದೆ.

ಈ ಸಂದಿಗೆ ತಕ್ಕದ್ದು ಸಿಲಿಕೋನ್ ಅಂಟು. ಅದು ರಬ್ಬರಿನಂತೆ ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ. ಇದರಲ್ಲಿಯೂ ಎರಡು ಬಗೆ. ಒಣಗುವಾಗ ವಿನಿಗರಿನಂತೆ ಹುಳಿ ವಾಸನೆ ಬರುವುದು ಒಂದು. ಅದರಿಂದ ಹೊಮ್ಮುವ ಆಮ್ಲ ಕಡಪ, ಶಹಾಬಾದ್‌ಗಳಂಥ ಸುಣ್ಣದ ಕಲ್ಲನ್ನು ಕೆಡಿಸುತ್ತದೆ. ಡಬ್ಬಿಯ ಮೇಲೆ 'ನ್ಯೂಟ್ರಲ್' ಎಂದು ಬರೆದಿರುವುದು ಇನ್ನೊಂದು; ಕಲ್ಲಿಗೂ ಲೋಹಕ್ಕೂ ಅದೇ ಕ್ಷೇಮ. ಬೂಷ್ಟು ಹಿಡಿಯದಂಥದನ್ನು ಕೇಳಿ ಕೊಳ್ಳಬೇಕು.

ಅಂಚು ಕಲ್ಲಿನ ಮೇಲೆ ಕೂರುವ ಸಿಂಕು

ಸಿಂಕನ್ನು ಕೂರಿಸುವ ಮುಖ್ಯ ಕ್ರಮಗಳು ಎರಡು. ಮೊದಲನೆಯದರಲ್ಲಿ ಸಿಂಕನ್ನು ಮೇಲಿನಿಂದ ರಂಧ್ರಕ್ಕೆ ಇಳಿಬಿಡುತ್ತಾರೆ. ಅದರ ಅಂಚು ಕಲ್ಲಿನ ಮೇಲೆ ಕೂರುತ್ತದೆ. ಇಲ್ಲಿ ಭಾರ ಹೊರುವುದು ಸ್ವತಃ ಕಲ್ಲೇ. ಆದ್ದರಿಂದ ಇದು ಹೆಚ್ಚು ನಿರಪಾಯಕರ. ಅಂಚು ಮೇಲೇಳದಂತೆ, ಸರಿದಾಡದಂತೆ ಹಿಡಿಯಲು ಕೆಳಗಿನಿಂದ ಕ್ಲಿಪ್ಪುಗಳನ್ನು ಹಾಕುತ್ತಾರೆ.

ರಂಧ್ರವನ್ನು ಸಿಂಕಿನ ಜೊತೆಗೆ ಬರುವ ಕಾಗದದ ಅಚ್ಚಿನ ಪ್ರಕಾರವೇ ಕೊರೆಯಿಸಬೇಕು. ಅಚ್ಚು ಇಲ್ಲದಿದ್ದರೆ ಸಿಂಕನ್ನು ಕಲ್ಲಿನ ಮೇಲೆ ಬೋರಲು ಹಾಕಿ ಗೆರೆ ಎಳೆದು, ಆ ಗೆರೆಯಿಂದ ಸುಮಾರು ಅರ್ಧ ಇಂಚು ಒಳಗೆ ಕೊರೆಯಬೇಕು. ತೊಟ್ಟಿಯೂ ಕ್ಲಿಪ್ಪುಗಳೂ ಅದರಲ್ಲಿ ಹಿಡಿಸುವುವೆಂದು ಮೊದಲೇ ಅಳೆದು ನೋಡಬೇಕು. ರಂಧ್ರದ ಮೂಲೆಗಳು ಚೂಪಾಗಿರದೆ ದುಂಡಾಗಿರಲಿ; ಕಲ್ಲಿನ ಬಿರುಕು ಹೊರಡುವುದು ಚೂಪು ಮೂಲೆಯಿಂದಲೇ. ರಂಧ್ರಕ್ಕೂ ಕಟ್ಟೆಯ ಮುಂದಿನ ತುದಿಗೂ ನಡುವೆ ಎರಡು ಮೂರು ಇಂಚು ಕಲ್ಲಾದರೂ ಉಳಿಯಬೇಕು.

ಕಲ್ಲಿನ ಪುಡಿಯನ್ನು ಒರೆಸಿ ತೆಗೆದು, ಪೂರ್ತಿ ಒಣಗಲು ಬಿಟ್ಟು, ಅಂಚು ಕೂರುವ ಜಾಗವನ್ನೂ ಸಿಂಕಿನ ಅಂಚಿನ ಅಡಿಯನ್ನೂ ಸ್ಪಿರಿಟ್ಟಿನಿಂದ ಒರೆಸಬೇಕು. ಕೊಳವೆಯ ಕಪ್ಲಿಂಗನ್ನು ಸಿಂಕಿಗೆ ಈಗಲೇ ಜೋಡಿಸಿಕೊಂಡರೆ ಕೆಲಸ ಸುಲಭ. ಬಳಿಕ ಅಂಚಿನ ಅಡಿಗೆ ಎಲ್ಲಿಯೂ ತುಂಡಾಗದಂತೆ ಒಂದು ಸುತ್ತು ಸಿಲಿಕೋನ್ ಎಳೆದು ಸಿಂಕನ್ನು ಇಳಿಬಿಟ್ಟು ಒತ್ತಬೇಕು. ಆಮೇಲೆ ಕ್ಲಿಪ್ಪುಗಳು. ಕ್ಲಿಪ್ಪಿನ ಒಂದು ತುದಿ ಸಿಂಕಿನ ಅಂಚಿನಡಿಯ ಪಟ್ಟಿಗೆ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ತುದಿ ಕಲ್ಲಿನ ತಳಕ್ಕೆ ಒತ್ತುತ್ತದೆ. ತಿರುಪನ್ನು ಬಿಗಿದಂತೆ ಅಂಚು ಕೆಳಕ್ಕೆ ಸೆಳೆಯಲ್ಪಡುತ್ತದೆ. ಎಲ್ಲವನ್ನೂ ಮೊದಲು ಸಡಿಲವಾಗಿ ಹಾಕಿ, ಅನಂತರ ಎದುರುಬದುರು ಮೂಲೆಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿಯಬೇಕು. ಒಂದೇ ಕಡೆ ಜೋರಾಗಿ ಬಿಗಿದರೆ ತೆಳು ಅಂಚು ಅಲೆಯಂತೆ ಏಳುತ್ತದೆ. ಅಲ್ಲಿಯೇ ನೀರು ದಾರಿ ಹುಡುಕುತ್ತದೆ.

ಒಂದು ಎಚ್ಚರಿಕೆ. ಗ್ರಾನೈಟಿನ ದಪ್ಪ ಸಾಮಾನ್ಯವಾಗಿ 18ರಿಂದ 20 ಮಿಲಿಮೀಟರ್. ಅದರಡಿಯಲ್ಲಿ ಕಡಪ ಕಲ್ಲೂ ಇದ್ದರೆ ದಪ್ಪ ಇಮ್ಮಡಿಯಾಗಿ ಸಿಂಕಿನೊಡನೆ ಬಂದ ಕ್ಲಿಪ್ಪುಗಳು ಎಟುಕದೇ ಹೋಗಬಹುದು. ಎಟುಕದ ಕ್ಲಿಪ್ಪನ್ನು ಕೆಲಸಗಾರ ಪಕ್ಕಕ್ಕಿಟ್ಟು 'ಅಂಟು ಸಾಕು' ಎನ್ನುತ್ತಾನೆ. ಹಾಗಾಗದಂತೆ ಕೆಳಗಿನ ಕಲ್ಲಿನ ರಂಧ್ರವನ್ನು ಸುತ್ತಲೂ ಒಂದೆರಡು ಇಂಚು ಹೆಚ್ಚು ಕೊರೆಯಿಸಬೇಕು, ಇಲ್ಲವೆ ಉದ್ದನೆಯ ಕ್ಲಿಪ್ಪುಗಳನ್ನು ತರಿಸಬೇಕು.

ಅಂಚು ಕಲ್ಲಿನ ಕೆಳಗೆ ನಿಲ್ಲುವ ಸಿಂಕು

ಎರಡನೆಯ ಕ್ರಮದಲ್ಲಿ ಸಿಂಕಿನ ಅಂಚು ಕಲ್ಲಿನ ತಳಕ್ಕೆ ಹತ್ತಿಕೊಂಡಿರುತ್ತದೆ. ಕಟ್ಟೆಯ ಮೇಲಿನ ನೀರನ್ನೂ ಚೂರುಗಳನ್ನೂ ನೇರವಾಗಿ ಒಳಕ್ಕೆ ಸರಿಸಬಹುದಾದ್ದರಿಂದ ಇದು ನೋಟಕ್ಕೂ ಚೊಕ್ಕಟ, ಬಳಕೆಗೂ ಅನುಕೂಲ. ಆದರೆ ಇಲ್ಲಿ ಕಲ್ಲು ಭಾರ ಹೊರುವುದಿಲ್ಲ. ಸಿಂಕು ಕಲ್ಲಿನಿಂದ ತೂಗುತ್ತದೆ. ತಂಗಿಯ ಮನೆಯಲ್ಲಿದ್ದದ್ದು ಇಂಥದೇ.

ಇದಕ್ಕೆ ಆಧಾರವನ್ನು ಎರಡು ರೀತಿಯಲ್ಲಿ ಕೊಡಬಹುದು. ಒಂದು, ಗ್ರಾನೈಟಿನ ತಳದಲ್ಲಿ ಅದರ ದಪ್ಪದ ಅರ್ಧಕ್ಕೆ ಮೀರದಂತೆ ಕುಳಿಗಳನ್ನು ಕೊರೆದು, ಎಪಾಕ್ಸಿ ಅಂಟಿನಿಂದ ಲೋಹದ ಗೂಟಗಳನ್ನು ಕೂರಿಸಿ, ಅವುಗಳಿಗೆ ಕ್ಲಿಪ್ಪು ಹಾಕಿ ಅಂಚನ್ನು ಮೇಲಕ್ಕೆ ಒತ್ತಿ ಬಿಗಿಯುವುದು. ಸುತ್ತಲೂ ಎಂಟು ಹತ್ತು ಇಂಚಿಗೊಂದರಂತೆ ಕ್ಲಿಪ್ಪಿರಬೇಕು. ಕಲ್ಲು ನೆಟ್ಟಗಿರುವಾಗಲೇ ಕೊರೆದರೆ ಕೈ ತಪ್ಪೀತು. ಕಟ್ಟೆಗೆ ಏರಿಸುವ ಮೊದಲೇ ಬೋರಲು ಹಾಕಿ ಕೊರೆಯಿಸುವುದು ಜಾಣತನ.

ಎರಡನೆಯದು ನಮ್ಮ ಮನೆಗಳಿಗೆ ಹೆಚ್ಚು ಒಗ್ಗುವ ಉಪಾಯ. ನಮ್ಮ ಅಡಿಗೆಕಟ್ಟೆಗಳು ಸಾಮಾನ್ಯವಾಗಿ ಇಟ್ಟಿಗೆಯ ಗೋಡೆಗಳ ಅಥವಾ ನಿಲ್ಲಿಸಿದ ಕಡಪ ಕಲ್ಲುಗಳ ಮೇಲೆ ನಿಂತಿರುತ್ತವೆ. ಸಿಂಕಿನ ಹಿಂದೆ ಮುಂದೆ ಒಂದೊಂದು ಲೋಹದ ಆ್ಯಂಗಲ್ ಪಟ್ಟಿಯನ್ನು ಈ ಗೋಡೆಯಿಂದ ಆ ಗೋಡೆಗೆ ಹಾಯಿಸಿ ಭದ್ರಪಡಿಸಿದರೆ, ಸಿಂಕಿನ ಅಂಚು ಆ ಪಟ್ಟಿಗಳ ಮೇಲೆ ಕೂರುತ್ತದೆ. ಆಗ ಭಾರವೆಲ್ಲ ಪಟ್ಟಿಯ ಮೂಲಕ ಗೋಡೆಗೆ, ಗೋಡೆಯ ಮೂಲಕ ನೆಲಕ್ಕೆ ಇಳಿಯುತ್ತದೆ. ಸಿಲಿಕೋನಿಗೆ ಉಳಿಯುವುದು ನೀರು ತಡೆಯುವ ತನ್ನ ಕೆಲಸ ಮಾತ್ರ. ತುಕ್ಕು ಹಿಡಿಯದ ಉಕ್ಕಿನ ಅಥವಾ ಸತು ಲೇಪಿಸಿದ ಪಟ್ಟಿಯೇ ಬೇಕು. ಅದು ಸದಾ ತೇವದ ಜಾಗ.

ಅಂಟು ಹಚ್ಚುವ ಮೊದಲು ಕಲ್ಲಿನ ತಳವನ್ನು ನೋಡಬೇಕು. ಮೇಲ್ಮೈಯಂತೆ ಅದು ನುಣುಪಾಗಿರುವುದಿಲ್ಲ. ಕೊರೆದ ಪುಡಿ ಅದರಲ್ಲಿ ಸೇರಿಕೊಂಡಿರುತ್ತದೆ. ಕೆಲವು ಹಲಗೆಗಳ ತಳಕ್ಕೆ ಒಡೆಯದಿರಲೆಂದು ಬಲೆಯನ್ನೂ ಅಂಟಿಸಿರುತ್ತಾರೆ. ಪುಡಿಯ ಮೇಲೆ ಹಚ್ಚಿದ ಅಂಟು ಪುಡಿಯನ್ನು ಹಿಡಿಯುತ್ತದೆಯೇ ಹೊರತು ಕಲ್ಲನ್ನಲ್ಲ. ಅಂಚು ಕೂರುವಷ್ಟು ಅಗಲಕ್ಕೆ ಬಲೆಯನ್ನು ಉಜ್ಜಿ ತೆಗೆದು, ತೊಳೆದು, ಒಣಗಿಸಿ, ಸ್ಪಿರಿಟ್ಟಿನಿಂದ ಒರೆಸಲೇಬೇಕು.

ಸಿಲಿಕೋನ್ ಗಾಳಿಯ ತೇವವನ್ನು ಹೀರಿ ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತ ಹೋಗುತ್ತದೆ. ದಿನಕ್ಕೆ ಎರಡು ಮೂರು ಮಿಲಿಮೀಟರಿನಷ್ಟು ಮಾತ್ರ. ಅರ್ಧ ಗಂಟೆಯಲ್ಲಿ ಮೇಲ್ಪದರ ಗಟ್ಟಿಯಾದುದನ್ನು ಮುಟ್ಟಿ ನೋಡಿ 'ಆಯಿತು' ಎನ್ನುವುದು ಸರಿಯಲ್ಲ. ಮೇಲೆ ಕೂರುವ ಸಿಂಕಿಗೆ ಒಂದು ದಿನ ನೀರು ತಾಗಿಸಬಾರದು. ಕೆಳಗೆ ನಿಲ್ಲುವ ಸಿಂಕಿಗೆ ಮೂರು ದಿನ ಕೆಳಗಿನಿಂದ ಇಟ್ಟಿಗೆ, ಹಲಗೆಗಳ ಆಸರೆ ಕೊಟ್ಟು ಬಿಡಬೇಕು. ಗೃಹಪ್ರವೇಶದ ಮುನ್ನಾದಿನ ಸಿಂಕು ಕೂರಿಸಿ ಮರುದಿನ ನೂರು ಜನರ ಪಾತ್ರೆ ತೊಳೆಯುವುದು ಅನೇಕ ಮನೆಗಳಲ್ಲಿ ನಡೆಯುವ ಅಚಾತುರ್ಯ.

ಪರೀಕ್ಷೆ ಮತ್ತು ದುರಸ್ತಿ

ಕೆಲಸ ಮುಗಿದ ಮೇಲೆ, ಹಣ ಕೊಡುವ ಮೊದಲು, ಒಂದು ಸರಳ ಪರೀಕ್ಷೆ ಮಾಡಿರಿ. ಕಪಾಟಿನಲ್ಲಿ ಹಳೆಯ ವೃತ್ತಪತ್ರಿಕೆ ಹಾಸಿರಿ. ಮೊದಲು ಅಂಚಿನ ಸುತ್ತ ಮಾತ್ರ ಚೊಂಬಿನಿಂದ ನೀರು ಹೊಯ್ದು ಕಾಲು ಗಂಟೆ ಕಾಯಿರಿ. ಪತ್ರಿಕೆ ನೆನೆದರೆ ದೋಷ ಅಂಚಿನದು. ಬಳಿಕ ಬಿರಟೆ ಹಾಕಿ ತೊಟ್ಟಿ ತುಂಬಿಸಿ ಒಂದು ಗಂಟೆ ಬಿಡಿರಿ. ಈಗ ನೆನೆದರೆ ಕಪ್ಲಿಂಗಿನದು. ಕೊನೆಗೆ ಬಿರಟೆ ತೆಗೆದು ಒಮ್ಮೆಲೆ ನೀರು ಹರಿಯಬಿಡಿರಿ. ಆಗ ಮಾತ್ರ ನೆನೆದರೆ ಕೊಳವೆಯದು. ತುಂಬಿದಾಗ ಅಂಚು ಕೂದಲೆಳೆಯಷ್ಟೂ ಕೆಳಗಿಳಿಯಬಾರದು.

ಬಳಕೆಯಲ್ಲಿರುವ ಸಿಂಕು ಒತ್ತಿದರೆ ಅಲುಗುತ್ತಿದ್ದರೆ, ಸಂದಿನಲ್ಲಿ ಕಪ್ಪುಗೆರೆ ಅಗಲವಾಗುತ್ತಿದ್ದರೆ, ಆ ದಿನವೇ ಕೆಳಗೆ ಇಟ್ಟಿಗೆಗಳ ಆಸರೆ ಕೊಟ್ಟು ತೊಟ್ಟಿಯನ್ನು ಬರಿದು ಮಾಡಿರಿ. ಹಳೆಯ ಸಿಲಿಕೋನಿನ ಮೇಲೆ ಹೊಸದನ್ನು ಬಳಿದರೆ ಹಿಡಿಯುವುದಿಲ್ಲ. ಬ್ಲೇಡಿನಿಂದ ಹಳೆಯದನ್ನು ಪೂರ್ತಿ ಹೆರೆದು, ಒಣಗಿಸಿ, ಹೊಸದಾಗಿಯೇ ಕೂರಿಸಬೇಕು. ಇನ್ನೊಂದು ಮಾತು: ಹೆಂಚಿನ ಮೇಲಿನ ಸಿಮೆಂಟು ತೊಳೆಯುವ ಆಮ್ಲವನ್ನು ಸಿಂಕಿಗೆ ಸುರಿಯಲು ಬಿಡಬೇಡಿರಿ. ಅದೂ ಬ್ಲೀಚಿಂಗ್ ಪುಡಿಯ ದ್ರಾವಣವೂ ಉಕ್ಕಿನ ರಕ್ಷಣೆಯ ಪದರವನ್ನು ತಿಂದು ಸೂಜಿಮೊನೆಯಂಥ ರಂಧ್ರಗಳನ್ನು ಮಾಡುತ್ತವೆ.

ತಪ್ಪು ಯಾರದು?

ತಂಗಿಯ ಮನೆಗೆ ಮೂರು ವಾರಗಳ ಬಳಿಕ ಒಬ್ಬ ವಯಸ್ಸಾದ ಗೌಂಡಿ ಬಂದರು. ಆಗ ನಾನೂ ಅಲ್ಲಿದ್ದೆ. ಕಳಚಿದ ಸಿಂಕಿನ ಅಂಚಿನಿಂದ ಅವರು ಅಂಟನ್ನು ಸಿಪ್ಪೆಯಂತೆ ಸುಲಿದು ನನ್ನ ಅಂಗೈಯಲ್ಲಿಟ್ಟರು. ಕಲ್ಲಿಗೆ ತಾಗಿದ್ದ ಮಗ್ಗುಲೆಲ್ಲ ಬೂದಿ ಬಳಿದಂತೆ ಕಲ್ಲಿನ ಪುಡಿ. ಕಟ್ಟೆಯ ತಳದಲ್ಲಿ ಒಂದು ಕುಳಿಯಿಲ್ಲ, ಒಂದು ಪಟ್ಟಿಯಿಲ್ಲ. "ಕ್ಲಿಪ್ ಎಲ್ಲ್ಯದಾವ್ರೀ?" ಎಂದು ಅವರು ಕೇಳಿದರು. ಯಾರಿಗೂ ತಿಳಿಯದು. ಕಡೆಗೆ ಸೊಸೆಯೇ ಕುಂಟುತ್ತ ಹೋಗಿ, ಉಳಿದ ಮೊಳೆ, ಹಳೆಯ ನಲ್ಲಿಗಳನ್ನಿಟ್ಟಿದ್ದ ತಗಡಿನ ಡಬ್ಬಿಯನ್ನು ತಂದಳು. ಅದರಲ್ಲಿ ಕ್ಲಿಪ್ಪುಗಳ ಪೊಟ್ಟಣ ಬಾಯಿ ಬಿಚ್ಚದೆ ಹಾಗೆಯೇ ಇತ್ತು.

ಆ ಪೊಟ್ಟಣವನ್ನು ನೋಡಿ ನಾವಿಬ್ಬರು ಹಿರಿಯರೂ ಮಾತಾಡಲಿಲ್ಲ. ಒಂದೂವರೆ ವರ್ಷ ಐವತ್ತು ಕಿಲೋ ಭಾರ ಪುಡಿಯ ಮೇಲೆ ತೂಗಿತ್ತು. ಅದು ಆ ಸಂಜೆ ಬಿದ್ದದ್ದಕ್ಕೆ ಕೈಯ ಬಿರುಸು ಕಾರಣವಲ್ಲ. ಅಷ್ಟು ದಿನ ಬೀಳದೆ ಇದ್ದದ್ದೇ ಅಚ್ಚರಿ. ಕೆಲಸ ಮಾಡಿದವನು ಅರ್ಧ ದಿನ ಉಳಿಸಿದ. ಮಾಡಿಸಿದ ನಾವು ಕೇಳಲಿಲ್ಲ. ಸುಟ್ಟದ್ದು ಏನೂ ತಿಳಿಯದ ಹುಡುಗಿಯ ಕಾಲು. ಮೇಲಾಗಿ ಅಪವಾದವೂ ಆಕೆಯದೇ.

"ತಪ್ಪು ನಿಂದಲ್ಲವ್ವಾ, ನಂದು" ಎಂದೆ ನಾನು. ತಂಗಿ ಏನೂ ಹೇಳಲಿಲ್ಲ. ಆದರೆ ಹೊಸ ಪಟ್ಟಿಗಳನ್ನು ಹಾಕಿ ಸಿಂಕು ಕೂರಿಸಿದ ಮೇಲೆ ಮೂರು ದಿನ ಆಕೆ ತಾನೇ ಹಿತ್ತಿಲಿನಲ್ಲಿ ಕುಳಿತು ಮನೆಯವರೆಲ್ಲರ ಪಾತ್ರೆ ತೊಳೆದಳು, ಸೊಸೆಗೆ ಮುಟ್ಟಗೊಡಲಿಲ್ಲ.

ಗೃಹಸ್ಥ ಬಂಧುಗಳಲ್ಲಿ ನನ್ನ ಬಿನ್ನಹ ಇಷ್ಟೇ. ಈ ಲೇಖನವನ್ನು ಓದಿ ಮುಗಿಸಿದೊಡನೆ ಅಡಿಗೆಮನೆಗೆ ಹೋಗಿ, ಸಿಂಕಿನ ಕೆಳಗಿನ ಕಪಾಟಿನ ಬಾಗಿಲು ತೆರೆದು, ದೀಪ ಹಿಡಿದು ಮೇಲಕ್ಕೆ ನೋಡಿರಿ. ಭಾರಕ್ಕೆ ಆಧಾರವಿದೆಯೇ? ನೀರಿಗೆ ತಡೆಯಿದೆಯೇ? ಎರಡೂ ಇದ್ದರೆ ಸಂತೋಷ. ಇಲ್ಲದಿದ್ದರೆ, ಮುಂದೆ ಸಂದಿನಲ್ಲಿ ನೀರು ಸೋರಿದಾಗ, ಅಂಚು ಅಲುಗಿದಾಗ, ಅಲ್ಲಿ ನಿಂತು ದುಡಿಯುವವರನ್ನು ಗದರಿಸುವ ಮೊದಲು ಗೌಂಡಿಯನ್ನು ಕರೆಸಿರಿ.